ಕೆಂಪು ಕಡಲಪಾಚಿಯನ್ನು ಕೊಯ್ದು ನೋಡುವುದು ಹೇಗೆ: ಬಂಡೆಯಿಂದ ಮೈಕ್ರೋಸ್ಕೋಪಿನವರೆಗೆ

ಬಾಟನಿ ಓದಿದವರಿಗೆ ಕೆಂಪು ಪಾಚಿ ಎಂದರೆ ನೆನಪಾಗುವುದು ಪಾಲಿಸೈಫೋನಿಯಾದ ಜೀವನಚಕ್ರದ ಚಿತ್ರ. ಸುತ್ತ ಬಾಣದ ಗುರುತುಗಳು, ನಡುವೆ ನಾಲಿಗೆ ಹೊರಳದ ಹೆಸರುಗಳು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ, ಬರೆದು ಹೊರಗೆ ಬಂದ ಮೇಲೆ ಮರೆವು. ಆ ಚಿತ್ರವನ್ನು ಸ್ವಲ್ಪ ದಿನ ಬದಿಗಿಡಿ. ಪಾಚಿಯ ಮೈಮೇಲೆ ಕಣ್ಣಿಗೆ ಕಾಣುವ ಒಂದು ಉಬ್ಬಿನಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಿ. ಆಗ ಬಾಣಗಳೆಲ್ಲ ತಾವಾಗಿಯೇ ಜಾಗಕ್ಕೆ ಕೂರುತ್ತವೆ.

ಇದಕ್ಕೆ ಗ್ರಾಸಿಲೇರಿಯಾ ಹೇಳಿ ಮಾಡಿಸಿದ ಪಾಚಿ. ಪಾಲಿಸೈಫೋನಿಯಾ ಕೂದಲಿನಷ್ಟು ತೆಳು, ಕೈಯಲ್ಲಿ ಹಿಡಿದು ಕೊಯ್ಯಲು ಆಗುವುದಿಲ್ಲ. ಗ್ರಾಸಿಲೇರಿಯಾಕ್ಕೆ ಮೈಯಿದೆ, ಬ್ಲೇಡಿಗೆ ಸಿಗುತ್ತದೆ. ನಮ್ಮ ಕರಾವಳಿಯ ಬಂಡೆಗಳಲ್ಲಿ ಗ್ರಾಸಿಲೇರಿಯಾ ಕಾರ್ಟಿಕೇಟಾ ಎಂಬ ಜಾತಿ ಚೆನ್ನಾಗಿ ಬೆಳೆಯುತ್ತದೆ. ಬೇಕಾದ ಸಾಮಾನೂ ದೊಡ್ಡದೇನಲ್ಲ. ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪ್, 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್, ಹೊಸ ಬ್ಲೇಡು, ಒಂದು ಕ್ಯಾರೆಟ್, ಸಣ್ಣ ಪೇಂಟ್ ಬ್ರಷ್, ಸ್ಲೈಡು, ಕವರ್ ಸ್ಲಿಪ್. ಬಣ್ಣ ಹಾಕಲು ಅಯೋಡಿನ್ ಮತ್ತು ಅನಿಲಿನ್ ಬ್ಲೂ ಇದ್ದರೆ ಸಾಕು.

1. ನೀರು ಇಳಿಯುವ ಹೊತ್ತು ನೋಡಿ ಹೊರಡಿ

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಇಳಿತ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಹೋದರೆ ಬಂಡೆಯ ಕೆಳಭಾಗ ನೀರಿನಲ್ಲೇ ಇರುತ್ತದೆ, ಬರಿಗೈಯಲ್ಲಿ ವಾಪಸ್ ಬರಬೇಕಾದೀತು. ನಮ್ಮ ಕಡಲಲ್ಲಿ ದಿನಕ್ಕೆ ಎರಡು ಸಲ ಇಳಿತ, ಎರಡೂ ಒಂದೇ ಮಟ್ಟದ್ದಲ್ಲ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸರ್ವೆ ಆಫ್ ಇಂಡಿಯಾ ಉಬ್ಬರ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ನಿಮ್ಮ ಹತ್ತಿರದ ಬಂದರಿನ ಸಮಯ ನೋಡಿಕೊಳ್ಳಿ. ನೀರು ತೀರಾ ಕೆಳಗಿಳಿಯುವ ಹೊತ್ತಿಗೆ ಒಂದು ಗಂಟೆ ಮುಂಚೆ ಬಂಡೆಯ ಹತ್ತಿರ ಇದ್ದರೆ, ಇಳಿಯುವ ನೀರಿನ ಜೊತೆಗೇ ಕೆಳಗಿಳಿಯಬಹುದು. ನೀರು ತಿರುಗಿದ ಕೂಡಲೇ ಮೇಲೆ ಬಂದುಬಿಡಿ.

ಮಳೆಗಾಲದಲ್ಲಿ ಬೇಡವೇ ಬೇಡ. ಮಳೆ ನಿಂತು ಕಡಲು ತಣ್ಣಗಾದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಸೋಮೇಶ್ವರ, ಸುರತ್ಕಲ್, ಕಾಪು, ಗೋಕರ್ಣದ ಓಂ ಬೀಚಿನಂಥ ಬಂಡೆ ಇರುವ ಕಡೆ ಹೋಗಿ. ಬರೀ ಮರಳಿನ ದಂಡೆಯಲ್ಲಿ ಏನೂ ಸಿಗದು, ಪಾಚಿಗೆ ಹಿಡಿದುಕೊಳ್ಳಲು ಗಟ್ಟಿ ಜಾಗ ಬೇಕು. ಹೊರಡುವ ಮುಂಚೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಎಚ್ಚರಿಕೆ ನೋಡಿ. ಒಬ್ಬರೇ ಹೋಗಬೇಡಿ, ಕಡಲಿಗೆ ಬೆನ್ನು ಹಾಕಿ ಕೂರಬೇಡಿ. ಬಂಡೆಗೆ ಅಂಟಿದ ಸಿಂಪಿ, ಬಾರ್ನಕಲ್‌ಗಳು ಕಾಲು ಕೊಯ್ಯುತ್ತವೆ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವುದನ್ನು ಹಾಕಿಕೊಳ್ಳಿ.

2. ಬಣ್ಣ ನೋಡಿ ಮೋಸ ಹೋಗಬೇಡಿ

ಕೆಂಪು ಪಾಚಿ ಎಂದ ಮಾತ್ರಕ್ಕೆ ಕೆಂಪಗೆ ಇರಬೇಕೆಂದೇನಿಲ್ಲ. ಬಿಸಿಲು ಬೀಳುವ ಬಂಡೆಯ ಗ್ರಾಸಿಲೇರಿಯಾ ಕಂದು, ಕಪ್ಪು ಮಿಶ್ರಿತ ನೇರಳೆ, ಕೆಲವೊಮ್ಮೆ ಹಸಿರುಹಳದಿ ಕೂಡ ಇರುತ್ತದೆ. ಅದೇ ಬಂಡೆಯ ನೆರಳಿನ ಬಿರುಕಿನಲ್ಲಿ ಬೆಳೆದದ್ದು ಗಾಢ ಕೆಂಪು. ಹಾಗಾಗಿ ಮೈಕಟ್ಟು ನೋಡಿ. ಕಾರ್ಟಿಕೇಟಾದ ಕೊಂಬೆ ಚಪ್ಪಟೆ, ಅಗಲ ಕೆಲವೇ ಮಿಲಿಮೀಟರ್. ತುದಿಯತ್ತ ಹೋದಂತೆ ಎರಡೆರಡಾಗಿ ಕವಲೊಡೆಯುತ್ತದೆ. ಮುಟ್ಟಿದರೆ ಬಿಗಿ. ಬುಡದಲ್ಲಿ ಬಂಡೆಗೆ ಅಂಟಿದ ಪುಟ್ಟ ಬಿಲ್ಲೆ. ಇದೇ ಹಿಡಿಗಾಲು. ಬೇರಿನ ಹಾಗೆ ಕಂಡರೂ ಇದು ಬೇರಲ್ಲ, ನೀರು-ಗೊಬ್ಬರ ಹೀರುವ ಕೆಲಸ ಇದಕ್ಕಿಲ್ಲ. ಅದನ್ನು ಪಾಚಿ ಮೈಯೆಲ್ಲ ಸೇರಿ ಮಾಡುತ್ತದೆ.

ಅನುಮಾನವಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಹಸಿ ತುಂಡನ್ನು ಕುದಿಯುವ ನೀರಿಗೆ ಹಾಕಿ. ನೋಡುನೋಡುತ್ತಿದ್ದಂತೆ ಹಸಿರಾಗುತ್ತದೆ. ಕೆಂಪು ಬಣ್ಣ ಕೊಡುವ ಫೈಕೋಎರಿಥ್ರಿನ್ ಒಂದು ಪ್ರೊಟೀನು. ಬಿಸಿಗೆ ಅದು ಕೆಡುತ್ತದೆ, ಅಡಿಯಲ್ಲಿದ್ದ ಕ್ಲೋರೊಫಿಲ್ ಹೊರಗೆ ಕಾಣುತ್ತದೆ. ಇನ್ನೊಂದು ತುಂಡನ್ನು ತಣ್ಣೀರಲ್ಲಿ ಚೆನ್ನಾಗಿ ಅರೆದು ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟದಲ್ಲಿಟ್ಟು ಬಿಸಿಲಿಗೆ ಹಿಡಿಯಿರಿ. ಬೆಳಕು ಆಚೆಯಿಂದ ಬಂದಾಗ ನೀರು ಗುಲಾಬಿ. ಬೆಳಕು ಪಕ್ಕದಿಂದ ಬಿದ್ದಾಗ ಅದೇ ನೀರಿಗೆ ಕಿತ್ತಳೆ ಹೊಳಪು. ನೀಲಿ-ಹಸಿರು ಬೆಳಕನ್ನು ಹೀರಿ ಕಿತ್ತಳೆ ಬೆಳಕನ್ನು ಬಿಡುವುದು ಈ ಬಣ್ಣದ ಗುಣ. ಆಳದ ನೀರಿಗೆ ಇಳಿಯುವುದು ಮುಖ್ಯವಾಗಿ ನೀಲಿ-ಹಸಿರು ಬೆಳಕೇ ತಾನೇ? ಬಹಾಮಾಸ್ ಬಳಿ 268 ಮೀಟರ್ ಆಳದಲ್ಲೂ ಕಲ್ಲಿಗೆ ಅಂಟಿದ ಕೆಂಪು ಪಾಚಿ ಸಿಕ್ಕಿದೆ.

3. ಕತ್ತರಿಸಿ, ಕೀಳಬೇಡಿ

ಹಿಡಿಗಾಲು ಬಂಡೆಯಲ್ಲೇ ಉಳಿಯಲಿ. ಒಂದೆರಡು ಇಂಚು ಮೇಲಕ್ಕೆ ಕತ್ತರಿಯಲ್ಲಿ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆ. ಒಂದೇ ಗುಂಪಿನಿಂದ ಹಿಡಿ ತುಂಬ ತರುವ ಬದಲು ಹತ್ತಾರು ಬೇರೆ ಬೇರೆ ಗಿಡಗಳಿಂದ ಒಂದೊಂದು ಕೊಂಬೆ ತನ್ನಿ. ಇದು ಬರೀ ಪರಿಸರದ ಕಾಳಜಿಗೆ ಹೇಳಿದ್ದಲ್ಲ. ಗಂಡು, ಹೆಣ್ಣು, ಟೆಟ್ರಾಸ್ಪೋರ್ ಗಿಡ (ನಾಲ್ಕು ನಾಲ್ಕಾಗಿ ಸ್ಪೋರ್, ಅಂದರೆ ಬೀಜಕಣ, ಕೊಡುವ ಮೂರನೇ ಬಗೆ) ಎಲ್ಲವೂ ಬಂಡೆಯ ಮೇಲೆ ಹೆಚ್ಚುಕಮ್ಮಿ ಒಂದೇ ರೀತಿ ಕಾಣುತ್ತವೆ. ಒಂದೇ ಗಿಡದಿಂದ ತಂದರೆ ಒಂದೇ ಬಗೆ ಸಿಗುತ್ತದೆ, ಉಳಿದ ಎರಡಕ್ಕೆ ಮತ್ತೊಂದು ಇಳಿತ ಕಾಯಬೇಕು. ದಂಡೆಗೆ ಬಂದು ಬಿದ್ದ, ಬಿಳಿಚಿಕೊಂಡ ಪಾಚಿ ಬೇಡ.

ಪ್ರತಿ ಕೊಂಬೆಗೂ ಬೇರೆ ಜಿಪ್ ಕವರ್, ಸ್ವಲ್ಪ ಸಮುದ್ರದ ನೀರು. ಚೀಟಿಯಲ್ಲಿ ಜಾಗ, ದಿನ, ಬಂಡೆಯ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದು ಒಳಗೇ ಹಾಕಿ. ಪೆನ್ನಿನ ಶಾಯಿ ಹರಡುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಒಂದು ಕ್ಯಾನ್ ಸಮುದ್ರದ ನೀರನ್ನೂ ತುಂಬಿಕೊಂಡು ಬನ್ನಿ, ಮುಂದೆ ಬೇಕಾಗುತ್ತದೆ. ನಲ್ಲಿ ನೀರಲ್ಲಿ ತೊಳೆಯುವ ಅಭ್ಯಾಸ ಇಲ್ಲಿ ನಡೆಯದು. ಸಿಹಿನೀರು ತಗುಲಿದರೆ ಕೋಶಗಳು ಉಬ್ಬಿ ಒಡೆದು ಬಣ್ಣ ಬಿಡುತ್ತವೆ.

ಅದೇ ದಿನ ನೋಡಲು ಆಗದಿದ್ದರೆ ಫಾರ್ಮಲಿನ್. ಅಂಗಡಿಯ ಫಾರ್ಮಲಿನ್ ಒಂದು ಪಾಲು, ಸಮುದ್ರದ ನೀರು ಒಂಬತ್ತು ಪಾಲು. ಅದರ ಆವಿ ಕಣ್ಣು-ಮೂಗಿಗೆ ಒಳ್ಳೆಯದಲ್ಲ. ಕಾಲೇಜಿನ ಲ್ಯಾಬಿನಲ್ಲಿ, ಗ್ಲೌಸ್ ಹಾಕಿ, ಕಿಟಕಿ ತೆರೆದು ಮಾಡುವ ಕೆಲಸ ಅದು. ಮನೆಯಲ್ಲಿ ಬೇಡ.

4. ಮೊದಲ ಕೊಯ್ತ: ಒಳಗೆ ಏನಿದೆ?

ಕ್ಯಾರೆಟ್ಟಿನ ಸಣ್ಣ ತುಂಡಿಗೆ ಸೀಳು ಹಾಕಿ, ನಡುವೆ ಪಾಚಿಯ ಕೊಂಬೆ ಇಟ್ಟು ಬಿಗಿಯಾಗಿ ಹಿಡಿಯಿರಿ. ಬ್ಲೇಡನ್ನು ಸಮುದ್ರದ ನೀರಲ್ಲಿ ಅದ್ದಿ, ನಿಮ್ಮ ಕಡೆಗೆ ಒಂದೇ ಎಳೆತದಲ್ಲಿ ಎಳೆಯಿರಿ. ಗರಗಸದಂತೆ ಹಿಂದೆ-ಮುಂದೆ ಬೇಡ. ಇಪ್ಪತ್ತು ಮೂವತ್ತು ಬಿಲ್ಲೆ ಕೊಯ್ದು ವಾಚ್ ಗ್ಲಾಸಿಗೆ ಬಿಟ್ಟು, ತೀರಾ ತೆಳುವಾದ ಎರಡು ಮೂರನ್ನು ಬ್ರಷ್‌ನಲ್ಲಿ ಎತ್ತಿ. ಪೂರ್ತಿ ದುಂಡು ಬಿಲ್ಲೆಯೇ ಬೇಕು ಅಂತ ಹಟ ಹಿಡಿಯಬೇಡಿ. ಒಂದು ಅಂಚಿಗೆ ತೆಳುವಾದ ಅರ್ಧ ಬಿಲ್ಲೆ, ದಪ್ಪನೆಯ ಪೂರ್ತಿ ಬಿಲ್ಲೆಗಿಂತ ಎಷ್ಟೋ ಮೇಲು. ಸಮುದ್ರದ ನೀರಿನ ಒಂದು ಹನಿಯಲ್ಲೇ ಇಟ್ಟು ಕವರ್ ಸ್ಲಿಪ್ ಮುಚ್ಚಿ.

ಮೊದಲು ಕಡಿಮೆ ಪವರ್‌ನಲ್ಲಿ ನೋಡಿ. ನಡುವೆ ದೊಡ್ಡ ದೊಡ್ಡ, ಹೆಚ್ಚುಕಮ್ಮಿ ಬಣ್ಣವಿಲ್ಲದ ಕೋಶಗಳು. ಇದು ಮೆಡುಲ್ಲಾ. ಹೊರ ಅಂಚಿಗೆ ಬಂದಂತೆ ಕೋಶಗಳು ಚಿಕ್ಕದಾಗುತ್ತಾ, ಕಡೆಗೆ ಒಂದೆರಡು ಸಾಲು ಗಾಢ ಬಣ್ಣದ ಪುಟ್ಟ ಕೋಶಗಳು. ಇದು ಕಾರ್ಟೆಕ್ಸ್. ಬೆಳಕು ಹಿಡಿಯುವ ಕೆಲಸ ಹೊರಗೆ, ದಾಸ್ತಾನು ಒಳಗೆ. ಎಲೆ, ಕಾಂಡ, ನಾಳ ಏನೂ ಇಲ್ಲ. ಗಿಡದ ಅಂಗಾಂಶದ ಹಾಗೆ ಕಾಣುವ ಈ ಒತ್ತುಕೋಶಗಳೆಲ್ಲ ನಿಜಕ್ಕೂ ಎಳೆಗಳಾಗಿ ಬೆಳೆದು ಒಂದಕ್ಕೊಂದು ಅಂಟಿಕೊಂಡವು.

ಈಗ ಕವರ್ ಸ್ಲಿಪ್ಪಿನ ಒಂದು ಬದಿಯಲ್ಲಿ ಅಯೋಡಿನ್ ಹನಿ ಬಿಟ್ಟು, ಇನ್ನೊಂದು ಬದಿಯಿಂದ ಟಿಶ್ಯೂ ಪೇಪರಿನಲ್ಲಿ ನೀರು ಎಳೆಯಿರಿ. ಆಲೂಗಡ್ಡೆಯ ಪಿಷ್ಟ ಕಪ್ಪು-ನೀಲಿಯಾಗುವುದು ಎಲ್ಲರಿಗೂ ಗೊತ್ತು. ಇಲ್ಲಿ ಮೆಡುಲ್ಲಾದ ಕಣಗಳು ಕೆಂಪು ಮಿಶ್ರಿತ ಕಂದಾಗುತ್ತವೆ. ಇದು ಫ್ಲೋರಿಡಿಯನ್ ಪಿಷ್ಟ. ಕ್ಲೋರೋಪ್ಲಾಸ್ಟಿನ ಒಳಗೆ ಕೂರದೆ, ಹೊರಗೆ ಸೈಟೋಪ್ಲಾಸಂನಲ್ಲಿ ತುಂಬಿಕೊಳ್ಳುವುದು ಇದರ ವಿಶೇಷ.

ಇನ್ನೊಂದು ಕೊಯ್ತಕ್ಕೆ ಅನಿಲಿನ್ ಬ್ಲೂ ಹಾಕಿ ಹೆಚ್ಚು ಪವರ್‌ಗೆ ಹೋಗಿ. ಪಕ್ಕಪಕ್ಕದ ಎರಡು ಕೋಶಗಳ ನಡುವಿನ ಗೋಡೆಯಲ್ಲಿ ಕಡುನೀಲಿ ಚುಕ್ಕೆ ಹುಡುಕಿ. ಕೋಶ ಎರಡಾದಾಗ ಗೋಡೆ ಪೂರ್ತಿ ಮುಚ್ಚದೆ ನಡುವೆ ತೂತು ಉಳಿಯುತ್ತದೆ, ಆಮೇಲೆ ಆ ತೂತಿಗೆ ಪ್ರೊಟೀನಿನ ಬಿರಡೆ ಬೀಳುತ್ತದೆ. ಇದೇ ಪಿಟ್ ಪ್ಲಗ್. ಇದನ್ನು ಒಮ್ಮೆ ನಿಮ್ಮ ಕಣ್ಣಿಂದ ನೋಡಿಬಿಡಿ, ಕೆಂಪು ಪಾಚಿಯ ಗುರುತು ಮತ್ತೆ ಮರೆಯುವುದಿಲ್ಲ. ಹೆಚ್ಚಿನ ಕೆಂಪು ಪಾಚಿಗಳಲ್ಲಿ ಇದಿದೆ. ಉತ್ತರ ಪ್ರದೇಶ-ಮಧ್ಯಪ್ರದೇಶದ ಗಡಿಯ ಚಿತ್ರಕೂಟದ ಕಲ್ಲುಗಳಲ್ಲಿ ಸಿಕ್ಕ ಸುಮಾರು 160 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು 2017ರಲ್ಲಿ ಕೆಂಪು ಪಾಚಿಯೆಂದು ವಿವರಿಸಿದಾಗ, ಕೋಶಗಳ ನಡುವಿನ ಇಂಥದೇ ರಚನೆಯನ್ನೂ ಒಂದು ಸಾಕ್ಷಿಯಾಗಿ ತೋರಿಸಿದ್ದರು.

ಕೋಶಗಳ ನಡುವಿನ ಲೋಳೆಯ ಕಡೆಗೂ ಗಮನ ಇರಲಿ. ಅದರಲ್ಲೇ ಅಗರ್ ಎಂಬ ಜೆಲ್ಲಿಯಾಗುವ ವಸ್ತು ಇರುವುದು. 1881ರಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅವರ ಲ್ಯಾಬಿಗೆ ಬ್ಯಾಕ್ಟೀರಿಯಾ ಬೆಳೆಸಲು ಅಗರ್ ಬಳಸುವ ಸಲಹೆ ಕೊಟ್ಟವರು ಫ್ಯಾನಿ ಹೆಸ್ಸೆ. ಅಡುಗೆಮನೆಯ ಜೆಲ್ಲಿಯ ಅನುಭವದಿಂದ ಬಂದ ಸಲಹೆ ಅದು.

5. ಉಬ್ಬು ಹುಡುಕಿ

ಈಗ ನಿಜವಾದ ಕೆಲಸ. ತಂದ ಕೊಂಬೆಗಳನ್ನೆಲ್ಲ ಬಿಳಿ ತಟ್ಟೆಯಲ್ಲಿ ಸಮುದ್ರದ ನೀರು ಹಾಕಿ ಹರಡಿ. ಕೆಲವದರ ಮೇಲೆ ಸಾಸಿವೆ ಕಾಳು ಅಂಟಿಸಿದಂತೆ ಉಬ್ಬುಗಳಿರುತ್ತವೆ. ಇವು ಸಿಸ್ಟೊಕಾರ್ಪ್. ಉಬ್ಬು ಇದ್ದರೆ ಆ ಗಿಡ ಹೆಣ್ಣು, ಗರ್ಭ ಕಟ್ಟಿದೆ ಎಂದರ್ಥ.

ಎಲ್ಲ ಗಂಟೂ ಸಿಸ್ಟೊಕಾರ್ಪ್ ಅಲ್ಲ, ಎಚ್ಚರ. ಗ್ರಾಸಿಲೇರಿಯಾದ ಮೇಲೆ ಪರಾವಲಂಬಿ ಕೆಂಪು ಪಾಚಿಗಳೂ ಸಣ್ಣ ಗಂಟಾಗಿ ಬೆಳೆಯುವುದುಂಟು. ಲೆನ್ಸಿನಲ್ಲಿ ಉಬ್ಬಿನ ನೆತ್ತಿ ನೋಡಿ. ಸಣ್ಣ ತೂತು ಕಂಡರೆ ಸಿಸ್ಟೊಕಾರ್ಪ್. ಮಾಗಿದ್ದನ್ನು ಸೂಜಿಯ ಹಿಂಬದಿಯಿಂದ ಮೆತ್ತಗೆ ಒತ್ತಿದರೆ ಆ ತೂತಿನಿಂದ ಕೆಂಪು ಕಣಗಳ ರಾಶಿ ಹೊರಬರುತ್ತದೆ. ಪ್ರತಿ ಕಣವೂ ಒಂದು ಕಾರ್ಪೊಸ್ಪೋರ್.

ಉಬ್ಬನ್ನು ನೆತ್ತಿಯಿಂದ ಬುಡಕ್ಕೆ ಸರಿಯಾಗಿ ನಡುವೆ ಕೊಯ್ಯಬೇಕು. ಒಂದೇ ಉಬ್ಬಿನಿಂದ ಹತ್ತಾರು ಬಿಲ್ಲೆ ತೆಗೆದರೆ ಒಂದಾದರೂ ತೂತಿನ ಮೂಲಕ ಹಾದುಹೋಗಿರುತ್ತದೆ. ಅದರಲ್ಲಿ ಹೊರಗಿನಿಂದ ಒಳಗೆ ಬನ್ನಿ. ಮೊದಲು ಹಲವು ಸಾಲು ಕೋಶಗಳ ದಪ್ಪ ಸಿಪ್ಪೆ, ಅಂದರೆ ಪೆರಿಕಾರ್ಪ್. ಅದು ತಾಯಿಯ ಮೈ. ಒಳಗೆ ಸ್ವಲ್ಪ ಖಾಲಿ ಜಾಗ. ಬುಡದ ನಡುವಿನಿಂದ ಮೇಲೆದ್ದು ಕೂತ ಕೋಶಗಳ ಗುಡ್ಡೆ, ಅದರ ಹೊರ ಅಂಚಿನಲ್ಲಿ ಗಾಢ ಕೆಂಪಿನ ಕಾರ್ಪೊಸ್ಪೋರ್‌ಗಳು. ಗುಡ್ಡೆಯಿಂದ ಸಿಪ್ಪೆಯ ಕಡೆಗೆ ಹಾದುಹೋಗುವ ತೆಳು ಎಳೆಗಳೂ ಕೆಲವೊಮ್ಮೆ ಕಾಣುತ್ತವೆ. ಆಹಾರ ಎಳೆದುಕೊಳ್ಳುವ ದಾರಿಗಳು ಅವು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನೀವು ನೋಡುತ್ತಿರುವುದು ಒಂದೇ ಗಿಡವನ್ನಲ್ಲ. ಸಿಪ್ಪೆ ಒಂದು ತಲೆಮಾರು, ಗುಡ್ಡೆ ಅದರ ಮಗು. ಸಿಪ್ಪೆಯ ಕೋಶಗಳಲ್ಲಿ ಕ್ರೋಮೋಸೋಮಿನ ಒಂದು ಸೆಟ್, ಗುಡ್ಡೆಯಲ್ಲಿ ಎರಡು ಸೆಟ್. ಕಾರ್ಪೊಸ್ಪೊರೊಫೈಟ್ ಎಂದು ಪುಸ್ತಕ ಕರೆಯುವ ಇಡೀ ತಲೆಮಾರು ತಾಯಿಯ ಮೈಮೇಲೆ, ತಾಯಿಯ ಅನ್ನ ಉಂಡುಕೊಂಡೇ ಬದುಕು ಮುಗಿಸುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನವರು ಗಲಿಬಿಲಿಯಾಗುವ ಜಾಗ ಇದೇ. ಸ್ಲೈಡಿನಲ್ಲಿ ನೋಡಿದರೆ ಗಲಿಬಿಲಿಗೆ ಕಾರಣವೇ ಇಲ್ಲ, ಅಲ್ವಾ?

6. ಉಬ್ಬಿನಿಂದ ಹಿಂದಕ್ಕೆ: ಗರ್ಭ ಕಟ್ಟಿದ್ದು ಹೇಗೆ?

ಕೆಂಪು ಪಾಚಿಯ ಗಂಡುಕೋಶಕ್ಕೆ ಬಾಲವಿಲ್ಲ, ಈಜಲಾರದು. ಗಂಡುಕೋಶ ಅಂತಲ್ಲ, ಈ ಗುಂಪಿನ ಯಾವ ಹಂತದಲ್ಲೂ ಬಾಲವಿರುವ ಕೋಶವೇ ಇಲ್ಲ. ಕೆಲವೇ ಮೈಕ್ರೋಮೀಟರಿನ, ಬಣ್ಣವಿಲ್ಲದ ಸ್ಪರ್ಮೇಷಿಯಂ ನೀರು ಒಯ್ದ ಕಡೆ ಹೋಗುತ್ತದೆ. ಅದನ್ನು ಹಿಡಿಯಲು ಹೆಣ್ಣುಕೋಶ ಕಾರ್ಪೊಗೋನಿಯಂ ಒಂದು ಉದ್ದ ಕೂದಲನ್ನು ಹೊರಚಾಚುತ್ತದೆ. ಅದು ಟ್ರೈಕೊಗೈನ್. ಅಂಟಿಕೊಂಡ ಸ್ಪರ್ಮೇಷಿಯಂನ ನ್ಯೂಕ್ಲಿಯಸ್ ಆ ಕೂದಲಿನೊಳಗೆ ಇಳಿದು ಬುಡಕ್ಕೆ ಹೋಗಿ ಸೇರುತ್ತದೆ.

ಇದನ್ನು ನೋಡುವುದು ಕಷ್ಟದ ಕೆಲಸ. ಗ್ರಾಸಿಲೇರಿಯಾದಲ್ಲಿ ಕಾರ್ಪೊಗೋನಿಯಂ ಎರಡೇ ಕೋಶದ ಪುಟ್ಟ ಕವಲಿನ ತುದಿಯಲ್ಲಿ, ಕಾರ್ಟೆಕ್ಸಿನೊಳಗೆ ಅಡಗಿರುತ್ತದೆ. ಉಬ್ಬು ಇನ್ನೂ ಏಳದ ಎಳೆಯ ತುದಿಗಳನ್ನು ಕೊಯ್ದು, ಅನಿಲಿನ್ ಬ್ಲೂ ಹಾಕಿ, ಮೆತ್ತಗೆ ಜಜ್ಜಿ ಹುಡುಕಬೇಕು. ಸಿಗದಿದ್ದರೆ ಬೇಜಾರು ಬೇಡ, ಅನುಭವಸ್ಥರಿಗೂ ಸುಲಭಕ್ಕೆ ಸಿಗುವುದಿಲ್ಲ. ಗಂಡು ಗಿಡ ಅದಕ್ಕಿಂತ ಸುಲಭ. ಉಬ್ಬಿಲ್ಲದ ಕೊಂಬೆಗಳ ಅಡ್ಡಕೊಯ್ತದಲ್ಲಿ, ಕಾರ್ಟೆಕ್ಸಿನ ಹೊರ ಅಂಚಿನಲ್ಲಿ ಬಣ್ಣವಿಲ್ಲದ ಸಣ್ಣ ತಗ್ಗುಗಳು ಕಂಡರೆ ಅದು ಗಂಡು. ತಗ್ಗು ಎಷ್ಟು ಆಳ, ಯಾವ ಆಕಾರ ಎಂಬುದು ಜಾತಿಯಿಂದ ಜಾತಿಗೆ ಬೇರೆ. ಜಾತಿ ಗುರುತಿಸುವವರು ಇದನ್ನೇ ನೋಡುತ್ತಾರೆ.

ಎಲ್ಲವನ್ನೂ ನೀರೇ ಒಯ್ಯುತ್ತದೆ ಎಂದುಕೊಂಡಿದ್ದ ಕಾಲ ಬಹಳ. 2022ರಲ್ಲಿ ಫ್ರಾನ್ಸಿನ ರೊಸ್ಕಾಫ್‌ನ ಸಂಶೋಧಕರು ಬೇರೆ ಮಾತು ಹೇಳಿದರು. ಗ್ರಾಸಿಲೇರಿಯಾ ಗ್ರಾಸಿಲಿಸ್ ಮೇಲೆ ಓಡಾಡುವ ಐಡೋಟಿಯಾ ಎಂಬ ಸಣ್ಣ ಕವಚಜೀವಿಯ ಮೈಗೆ ಸ್ಪರ್ಮೇಷಿಯಂಗಳು ಅಂಟಿ, ಗಂಡು ಗಿಡದಿಂದ ಹೆಣ್ಣು ಗಿಡಕ್ಕೆ ಹೋಗುತ್ತವೆ. ಲ್ಯಾಬಿನ ತೊಟ್ಟಿಯಲ್ಲಿ ಐಡೋಟಿಯಾ ಇದ್ದಾಗ ಗರ್ಭ ಕಟ್ಟುವುದು ಸುಮಾರು 20 ಪಟ್ಟು ಹೆಚ್ಚು. ಹಾಗಾಗಿ ನೀವು ತಂದ ಪಾಚಿಯ ನಡುವೆ ಹುಳದಂಥ ಸಣ್ಣ ಜೀವಿಗಳು ಕಂಡರೆ ಸುಮ್ನೆ ಕೊಡವಿ ಎಸೆಯಬೇಡಿ, ಲೆನ್ಸಿನಲ್ಲಿ ಒಮ್ಮೆ ನೋಡಿ.

ಈ ದಾರಿಯಲ್ಲಿ ಗರ್ಭ ಕಟ್ಟುವುದೇ ಅಪರೂಪ. ಅದಕ್ಕೇ ಒಮ್ಮೆ ಕಟ್ಟಿದ ಮೇಲೆ ಪಾಚಿ ಅದನ್ನು ಒಂದೇ ಮರಿಗೆ ಮುಗಿಸುವುದಿಲ್ಲ. ಅದೇ ಕೋಶ ಗುಡ್ಡೆಯಾಗಿ ಬೆಳೆದು ಲೆಕ್ಕವಿಲ್ಲದಷ್ಟು ಸ್ಪೋರ್ ಕೊಡುತ್ತದೆ. ನಡುವೆ ಒಂದು ತಲೆಮಾರು ಜಾಸ್ತಿ ಯಾಕೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ಉತ್ತರ ಇದು. ನನಗೂ ಒಪ್ಪುವ ಉತ್ತರ.

7. ಉಬ್ಬಿನಿಂದ ಮುಂದಕ್ಕೆ: ನಾಲ್ಕಾಗುವ ಸ್ಪೋರ್

ಕಾರ್ಪೊಸ್ಪೋರ್ ಬಂಡೆಗೆ ಅಂಟಿ ಬೆಳೆದರೆ ತಾಯಿಯಂತೆಯೇ ಕಾಣುವ ಗಿಡ. ಒಳಗೆ ಮಾತ್ರ ಎರಡು ಸೆಟ್ ಕ್ರೋಮೋಸೋಮು. ಇದೇ ಟೆಟ್ರಾಸ್ಪೋರ್ ಗಿಡ. ನಿಮ್ಮ ತಟ್ಟೆಯಲ್ಲಿ ಉಬ್ಬಿಲ್ಲದೆ ಉಳಿದ ಕೊಂಬೆಗಳಲ್ಲಿ ಇದು ಇರುವ ಸಾಧ್ಯತೆ ಹೆಚ್ಚು. ಒಂದೊಂದನ್ನೇ ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ನೋಡಿ. ಮೈತುಂಬ ಒತ್ತೊತ್ತಾಗಿ ಕೆಂಪು ಚುಕ್ಕೆಗಳಿದ್ದರೆ ಸಿಕ್ಕಿತು.

ಅದರ ಅಡ್ಡಕೊಯ್ತದಲ್ಲಿ, ಕಾರ್ಟೆಕ್ಸಿನ ಸಣ್ಣ ಕೋಶಗಳ ನಡುವೆ ದೊಡ್ಡ ಮೊಟ್ಟೆಯಾಕಾರದ ಕೋಶಗಳಿರುತ್ತವೆ. ಮಾಗಿದ್ದರೆ ಒಳಗೆ ಶಿಲುಬೆಯ ಗುರುತಿನಂತೆ ನಾಲ್ಕು ಭಾಗ. ಕೊಯ್ತ ಓರೆಯಾದರೆ ಎರಡೋ ಮೂರೋ ಭಾಗ ಮಾತ್ರ ಕಾಣುತ್ತದೆ. ಫೋಕಸ್ ತಿರುಪನ್ನು ಮೆಲ್ಲಗೆ ಆಡಿಸಿದರೆ ಉಳಿದದ್ದು ಕೆಳಗಿನಿಂದ ಮೂಡಿ ಬರುತ್ತದೆ. ಇಲ್ಲಿ ಕ್ರೋಮೋಸೋಮಿನ ಸಂಖ್ಯೆ ಅರ್ಧವಾಗುತ್ತದೆ. ನಾಲ್ಕು ಸ್ಪೋರ್‌ಗಳಲ್ಲಿ ಎರಡು ಗಂಡು, ಎರಡು ಹೆಣ್ಣು. ಅಲ್ಲಿಗೆ ಸುತ್ತು ಪೂರ್ತಿಯಾಯಿತು.

ಅದೇ ಬಂಡೆಯಲ್ಲಿ ಹಿಪ್ನಿಯಾ ಎಂಬ ಇನ್ನೊಂದು ಕೆಂಪು ಪಾಚಿ ಸಿಕ್ಕಿದರೆ ಅದನ್ನೂ ಕೊಯ್ದು ನೋಡಿ. ಅದರ ನಾಲ್ಕು ಸ್ಪೋರ್ ಒಂದರ ಮೇಲೊಂದು ಸಾಲಾಗಿರುತ್ತವೆ. ಪಾಲಿಸೈಫೋನಿಯಾದಲ್ಲಿ ಮೂರು ಮುಂದೆ, ಒಂದು ಹಿಂದೆ ಅಡಗಿ ಕೂತಿರುತ್ತದೆ. ಪಾಚಿಯ ಗುಂಪು ಗುರುತಿಸಲು ಈ ಮೂರು ಜೋಡಣೆಗಳು ತುಂಬ ಉಪಯೋಗಕ್ಕೆ ಬರುತ್ತವೆ.

ಎಲ್ಲ ಕೆಂಪು ಪಾಚಿಗೂ ಇದೇ ಸುತ್ತು ಎಂದುಕೊಳ್ಳಬೇಡಿ. ಪೋರ್ಫೈರಾದ ಗುಂಪಿನ ಹಾಳೆಯಂಥ ಪಾಚಿ ಮಳೆಗಾಲದ ಬಂಡೆಗಳಲ್ಲಿ ಕಾಣಿಸಿಕೊಂಡು ಆಮೇಲೆ ಮಾಯವಾಗುತ್ತದೆ. ಉಳಿದ ಕಾಲ ಎಲ್ಲಿರುತ್ತದೆ? 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್ ಉತ್ತರ ಕೊಟ್ಟರು. ಚಿಪ್ಪುಗಳನ್ನು ಕೊರೆದು ಒಳಗೆ ಬೆಳೆಯುವ ಗುಲಾಬಿ ಎಳೆಗಳನ್ನು ಅಲ್ಲಿಯವರೆಗೆ ಕಾಂಕೋಸೆಲಿಸ್ ಎಂಬ ಬೇರೆಯೇ ಪಾಚಿ ಎಂದು ಎಣಿಸಿದ್ದರು. ಅದು ಪೋರ್ಫೈರಾದ್ದೇ ಇನ್ನೊಂದು ಹಂತ. ಇದೇ ಗುಂಪಿನ ತಿನ್ನುವ ಪಾಚಿಯಾದ ನೋರಿಯನ್ನು ಬೆಳೆಯುವ ಜಪಾನಿನವರು ಬೀಜಕ್ಕಾಗಿ ಕಡಲಿನ ದಯೆ ಕಾಯುವುದು ಈ ಅರಿವಿನಿಂದಲೇ ತಪ್ಪಿತು. ಅವರು ಆಕೆಯ ಹೆಸರಲ್ಲಿ ಉಟೊ ಊರಿನಲ್ಲಿ ಸ್ಮಾರಕ ಕಟ್ಟಿಸಿದ್ದಾರೆ.

8. ಸ್ಪೋರ್ ಬೀಳಿಸಿ ನೋಡಿ

ಚೆನ್ನಾಗಿ ಮಾಗಿದ ಉಬ್ಬುಗಳಿರುವ ಎರಡು ಮೂರು ಹಸಿ ತುಂಡು ಆರಿಸಿ. ಸಮುದ್ರದ ನೀರಲ್ಲಿ ತೊಳೆದು, ಮೈಮೇಲಿನ ಕೊಳೆಯನ್ನು ಬ್ರಷ್‌ನಿಂದ ತೆಗೆಯಿರಿ. ಟಿಶ್ಯೂ ಪೇಪರಿನ ಮೇಲೆ ನೆರಳಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಮೇಲ್ಮೈ ಆರಬೇಕು, ಮುರುಟಬಾರದು. ಆಮೇಲೆ ಪೆಟ್ರಿ ಡಿಶ್‌ನಲ್ಲಿ ಸ್ಲೈಡುಗಳನ್ನು ಹಾಸಿ, ಫಿಲ್ಟರ್ ಪೇಪರಿನಲ್ಲಿ ಸೋಸಿದ ಸಮುದ್ರದ ನೀರು ತುಂಬಿ, ತುಂಡುಗಳನ್ನು ಮೇಲಿಡಿ. ರಾತ್ರಿ ಅಲುಗಾಡಿಸದೆ ತಂಪು ಜಾಗದಲ್ಲಿ ಬಿಡಿ. ಒಣಗಿಸಿ ಮತ್ತೆ ನೀರು ಕೊಟ್ಟಾಗ ಮಾಗಿದ ಸ್ಪೋರ್‌ಗಳು ಹೊರಬೀಳುತ್ತವೆ. ಇಳಿತ-ಉಬ್ಬರದಲ್ಲಿ ಬಂಡೆಯ ಮೇಲೆ ಆಗುವುದೂ ಹೆಚ್ಚುಕಮ್ಮಿ ಇದೇ.

ಕಾಯುವ ಹೊತ್ತಲ್ಲಿ ಉಳಿದ ಕೊಂಬೆಗಳನ್ನು ಹಾಳೆಗೆ ಹತ್ತಿಸಿ. ಟ್ರೇಯಲ್ಲಿ ಸಮುದ್ರದ ನೀರು, ಅದರಡಿ ದಪ್ಪ ಡ್ರಾಯಿಂಗ್ ಹಾಳೆ. ಪಾಚಿಯನ್ನು ಬ್ರಷ್‌ನಿಂದ ಹರಡಿ, ಹಾಳೆಯನ್ನು ಓರೆಯಾಗಿ ಮೇಲೆತ್ತಿ ನೀರು ಬಸಿಯಿರಿ. ಮೇಲೆ ತೆಳು ಮಲ್‌ಮಲ್ ಬಟ್ಟೆ, ಕೆಳಗೆ ಮೇಲೆ ನ್ಯೂಸ್‌ಪೇಪರ್, ಅದರ ಮೇಲೆ ಭಾರ. ಮೊದಲ ಕೆಲವು ದಿನ ಪೇಪರ್ ದಿನಾ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ತೆಳುವಾದ ಪಾಚಿ ತನ್ನ ಲೋಳೆಯಿಂದಲೇ ಹಾಳೆಗೆ ಅಂಟುತ್ತದೆ. ಗ್ರಾಸಿಲೇರಿಯಾ ದಪ್ಪವಾದ್ದರಿಂದ ಅಲ್ಲಲ್ಲಿ ದಾರದ ಹೊಲಿಗೆ ಬೇಕಾಗಬಹುದು. ಹೆಣ್ಣು, ಗಂಡು, ಟೆಟ್ರಾಸ್ಪೋರ್ ಮೂರನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಹತ್ತಿಸಿ, ಒಳಗಿನ ಕೊಯ್ತದ ಚಿತ್ರವನ್ನು ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಡಿ.

ಬೆಳಗ್ಗೆ ತುಂಡುಗಳ ಕೆಳಗೆ ಸ್ಲೈಡಿನ ಮೇಲೆ ನವಿರಾದ ಕೆಂಪು ಕಲೆ ಕಂಡರೆ ಸ್ಪೋರ್ ಬಿದ್ದಿವೆ. ಪಾಚಿಯ ತುಂಡುಗಳನ್ನು ತಕ್ಷಣ ತೆಗೆದು ನೀರು ಬದಲಿಸಿ, ಇಲ್ಲವಾದರೆ ಕೊಳೆತು ಎಲ್ಲ ಹಾಳು. ಈಗ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಡಿ. ದುಂಡಗಿನ ಸ್ಪೋರ್‌ಗಳು ಮುಳುಗಿ, ತಮ್ಮ ಅಂಟಿನಿಂದ ಗಾಜಿಗೆ ಹಿಡಿದುಕೊಂಡಿರುತ್ತವೆ. ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಟ್ಟು, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಒಂದು ಕೋಶ ಎರಡಾಗಿ, ನಾಲ್ಕಾಗಿ, ಕೊನೆಗೆ ಗಾಜಿಗೆ ಅಂಟಿದ ಹಲವು ಕೋಶಗಳ ಬಿಲ್ಲೆಯಾಗುವುದನ್ನು ನೋಡಬಹುದು. ಇದೇ ಮುಂದಿನ ಗಿಡದ ಹಿಡಿಗಾಲು, ನೆಟ್ಟಗೆ ಏಳುವ ಕೊಂಬೆ ಇದರ ನಡುವಿನಿಂದ ಹುಟ್ಟುತ್ತದೆ. ಅಲ್ಲಿಯವರೆಗೆ ಬೆಳೆಸಲು ಕೆಲವು ವಾರಗಳ ತಾಳ್ಮೆ ಬೇಕು. ಹಸಿರು ಪಾಚಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಅಷ್ಟರಲ್ಲಿ ಸ್ಲೈಡನ್ನು ಮುತ್ತದಂತೆ ಬ್ರಷ್‌ನಿಂದ ತೆಗೆಯುತ್ತಿರಬೇಕು. ಕೆಲಸ ಮುಗಿದ ಮೇಲೆ ಬದುಕಿರುವ ಪಾಚಿಯನ್ನು ಬೇರೆ ಊರಿನ ಕಡಲಿಗೆ ಬಿಡಬೇಡಿ. ಬಿಡುವುದಾದರೆ ತಂದ ಬಂಡೆಯ ಹತ್ತಿರವೇ ಬಿಡಿ.